ಮುಚ್ಚಿದ ಲಕೋಟೆ, ತೆರೆದ ಮೇಜು

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಯಾವುದಾದರೊಂದು ಬಡಾವಣೆಯ ಮನೆಯನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಲಿ. ರಾತ್ರಿಯ ಊಟ ಮುಗಿದಿದೆ. ಸೊಸೆ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಎತ್ತಿಡುತ್ತಿದ್ದಾಳೆ. ಅವಳ ಫೋನು ಊಟದ ಮೇಜಿನ ಮೇಲಿದೆ. ಮೇಜಿನ ಸುತ್ತ ಅತ್ತೆ, ಮಾವ, ಗಂಡ, ರಜೆಗೆಂದು ಬಂದಿರುವ ನಾದಿನಿ. ಫೋನು ಮೆಲ್ಲನೆ ಒಮ್ಮೆ ಗುನುಗಿ ಬೆಳಗುತ್ತದೆ. ಬೀಗ ಹಾಕಿದ ಪರದೆಯ ಮೇಲೆಯೇ ಎರಡು ಸಾಲು ಮೂಡುತ್ತವೆ: 'ವರದಿ ಬಂತು ಕಣೆ. ಡಾಕ್ಟರು ನಾಳೆಯೇ ಬರಹೇಳಿದ್ದಾರೆ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಬಾ.' ಕಳುಹಿಸಿದವಳು ಆಸ್ಪತ್ರೆಗೆ ಜೊತೆಯಾಗಿ ಹೋಗಿದ್ದ ಬಾಲ್ಯದ ಗೆಳತಿ. ಎದೆಯಲ್ಲಿ ಕಂಡ ಗಂಟಿನ ಸಂಗತಿಯನ್ನು ಸೊಸೆ ಇನ್ನೂ ಯಾರಿಗೂ ಹೇಳಿರಲಿಲ್ಲ. ವರದಿ ಬಂದ ಮೇಲೆ ಗಂಡನಿಗೆ ಒಂಟಿಯಾಗಿ, ಸಮಾಧಾನವಾಗಿ ಹೇಳಬೇಕೆಂದಿದ್ದಳು. ಅವಳು ಕೈಯೊರಸಿಕೊಂಡು ಹೊರಬರುವಷ್ಟರಲ್ಲಿ ಸುದ್ದಿ ಮೇಜಿನ ಸುತ್ತ ಎಲ್ಲರಿಗೂ ತಿಳಿದುಹೋಗಿದೆ, ಅವಳೊಬ್ಬಳನ್ನುಳಿದು.

ಈ ಸಂದೇಶ ಬಂದದ್ದು ವಾಟ್ಸ್‌ಆ್ಯಪಿನಲ್ಲಿ. ಗೆಳತಿಯ ಕೈಬಿಟ್ಟ ಕ್ಷಣದಿಂದ ಈ ಮೇಜನ್ನು ಮುಟ್ಟುವವರೆಗೆ ಅದನ್ನು ಫೋನಿನ ಕಂಪನಿಯವರು ಓದಲಾರರು. ಆ್ಯಪಿನ ಒಡೆಯರೂ ಓದಲಾರರು. ದಾರಿಯುದ್ದಕ್ಕೂ ಅಷ್ಟು ಭದ್ರವಾಗಿ ಬಂದ ಪತ್ರವನ್ನು ಕೊನೆಗೆ ಓದಿದವರು ಒಂದು ಮೊಳ ದೂರದಲ್ಲಿ ಕುಳಿತಿದ್ದ ಮನೆಯವರು. ಗುಟ್ಟಿನ ಮಾತಿಗೆಂದು ಇಂದು ಕೋಟ್ಯಂತರ ಜನ ನಂಬಿರುವ ಈ ಆ್ಯಪ್‌ಗಳ ಬಲವೇನು, ಆ ಬಲ ಎಲ್ಲಿಗೆ ನಿಲ್ಲುತ್ತದೆ ಎಂಬುದು ಪ್ರತಿಯೊಂದು ಕುಟುಂಬವೂ ತಿಳಿದಿರತಕ್ಕ ವಿಷಯ.

ಕಾರ್ಡು ಮತ್ತು ಕವರು

ಗುಟ್ಟನ್ನು ಕಾಯುವ ವಿವೇಕ ಹೊಸದೇನೂ ಅಲ್ಲ. ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆಯ ಅಂಚೆ ಕಾರ್ಡು ಬಂದಿತು. ಅದರ ಮೇಲೆ ಏನನ್ನು ಬರೆಯಬಹುದು, ಏನನ್ನು ಬರೆಯಬಾರದು ಎಂಬುದನ್ನು ಯಾರೂ ಪುಸ್ತಕ ಓದಿ ಕಲಿಯಲಿಲ್ಲ. ಉಭಯಕುಶಲೋಪರಿ, ಮಳೆ ಬೆಳೆ, ಹಬ್ಬಕ್ಕೆ ಹೊರಡುವ ದಿನ, ಮಗು ಹುಟ್ಟಿದ ಸಂತೋಷ, ಇವೆಲ್ಲ ಕಾರ್ಡಿನ ವಿಷಯಗಳು. ಸಾಲದ ಮಾತು, ಗಂಡಿನ ಕಡೆಯವರ ಬೇಡಿಕೆ, ಕೊಟ್ಟ ಮನೆಯಲ್ಲಿ ಮಗಳು ಪಡುವ ಕಷ್ಟ, ಕ್ಷಯದ ಶಂಕೆ, ಇವು ಅಂಟಿಸಿದ ಕವರಿಗೆ, ಇಲ್ಲವೆ 1950ರಿಂದೀಚೆಗೆ ಇನ್‌ಲ್ಯಾಂಡ್ ಲೆಟರಿಗೆ ಮೀಸಲು. ಕಾರ್ಡನ್ನು ಅಂಚೆಯವನು ಓದಿದರೆ ಯಾರೂ ಕೋಪಿಸಿಕೊಳ್ಳುತ್ತಿರಲಿಲ್ಲ. ಕವರನ್ನು ಒಡೆದರೆ ಮಾತ್ರ ಅದು ಅಕ್ಷಮ್ಯ.

ಕಾಗದದ ಕಾಲ ಬಹುಮಟ್ಟಿಗೆ ಮುಗಿಯಿತು. 2013ರ ಜುಲೈಯಲ್ಲಿ ತಂತಿ ಸೇವೆಯೂ ನಿಂತಿತು. ಹಳೆಯ ಕಾಗದದೊಡನೆ ಆ ಹಳೆಯ ವಿವೇಕವೂ ಮರೆಯಾದಂತಿದೆ. ಏಕೆಂದರೆ ಫೋನಿನ ಗಾಜಿನ ಮೇಲೆ ಎಲ್ಲ ಸಂದೇಶಗಳೂ ಒಂದೇ ತೆರನಾಗಿ ಕಾಣುತ್ತವೆ. ಯಾವುದು ಕಾರ್ಡು, ಯಾವುದು ಕವರು ಎಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ.

ಸಿಮ್‌ನೊಡನೆ ಬರುವ ಸಾಮಾನ್ಯ ಎಸ್ಸೆಮ್ಮೆಸ್ ಕಾರ್ಡಿನ ಜಾತಿಗೆ ಸೇರಿದ್ದು. ಅದು ಟೆಲಿಫೋನ್ ಕಂಪನಿಯ ಯಂತ್ರಗಳ ಮೂಲಕ ಹಾಯುವಾಗ ಕಂಪನಿಗೆ ಓದಲು ಬರುವ ರೂಪದಲ್ಲಿಯೇ ಇರುತ್ತದೆ. ದೂರವಾಣಿಯ ಮಾತಿಗೂ ಇದೇ ಪಾಡು. ಇದರ ರುಚಿ ಕರ್ನಾಟಕಕ್ಕೆ ಗೊತ್ತಿಲ್ಲದ್ದಲ್ಲ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಅಧಿಕಾರ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಗದ್ದಲದ ನಡುವೆ. ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಈ ಕದ್ದಾಲಿಕೆಗೆ ಕಟ್ಟುಪಾಡುಗಳನ್ನು ವಿಧಿಸಿತು. ಕೇಂದ್ರದ ಇಲ್ಲವೆ ರಾಜ್ಯದ ಗೃಹ ಕಾರ್ಯದರ್ಶಿಯ ಆಜ್ಞೆ ಬೇಕು. ಅವಧಿಗೆ ಮಿತಿ ಬೇಕು. ಆಜ್ಞೆಯನ್ನು ಪರಿಶೀಲಿಸಲು ಸಮಿತಿ ಬೇಕು. ಕಟ್ಟುಪಾಡು ಬಂದರೂ ಕಾರ್ಡು ಕಾರ್ಡಾಗಿಯೇ ಉಳಿಯಿತು.

ಮೂರನೆಯವರ ಬೀಗ

ಫೋನು ತಯಾರಿಸಿದವರೂ ಅಲ್ಲದ, ಸಿಮ್ ಕೊಟ್ಟವರೂ ಅಲ್ಲದ ಮೂರನೆಯವರು ಒದಗಿಸುವ ವಾಟ್ಸ್‌ಆ್ಯಪ್, ಸಿಗ್ನಲ್, ಟೆಲಿಗ್ರಾಂ ಮೊದಲಾದ ಆ್ಯಪ್‌ಗಳು ಈ ಸ್ಥಿತಿಯನ್ನು ಬದಲಾಯಿಸಿದವು. ಅದರ ಮೂಲತತ್ತ್ವವನ್ನು ಜಗತ್ತಿನ ಮುಂದೆ ಇಟ್ಟವರು ಅಮೆರಿಕೆಯ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ವಿದ್ವಾಂಸರು, 1976ರಲ್ಲಿ.

ತತ್ತ್ವ ಸರಳವಾದುದು. ಮೈಸೂರಿನ ಅಕ್ಕ ಒಂದೇ ಬೀಗದಕೈಗೆ ತೆರೆದುಕೊಳ್ಳುವ ಹತ್ತಾರು ಬೀಗಗಳನ್ನು ಮಾಡಿಸಿ, ಬಾಯ್ದೆರೆದ ಬೀಗಗಳನ್ನು ಬಂಧುಗಳಿಗೆಲ್ಲ ಹಂಚಿದ್ದಾಳೆಂದು ಭಾವಿಸೋಣ. ಬೀಗದಕೈ ಮಾತ್ರ ಅವಳ ಸೆರಗಿನಲ್ಲಿಯೇ ಇದೆ. ಧಾರವಾಡದ ತಂಗಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಅಕ್ಕನ ಬೀಗವನ್ನು ಒತ್ತಿ ಮುಚ್ಚಿ ಕಳುಹಿಸುತ್ತಾಳೆ. ಒಮ್ಮೆ ಮುಚ್ಚಿದ ಮೇಲೆ ತಂಗಿಗೂ ಅದು ತೆರೆಯದು. ಹೊತ್ತು ತರುವವನಿಗಂತೂ ತೆರೆಯುವ ಮಾತೇ ಇಲ್ಲ. ಪ್ರತಿಯೊಂದು ಫೋನೂ ಹೀಗೆಯೇ ತನ್ನ ಬೀಗವನ್ನು ಹಂಚಿ, ಬೀಗದಕೈಯನ್ನು ತನ್ನೊಳಗೇ ಬಚ್ಚಿಟ್ಟುಕೊಳ್ಳುತ್ತದೆ. ಇದಕ್ಕೆ 'ಎಂಡ್ ಟು ಎಂಡ್ ಎನ್‌ಕ್ರಿಪ್ಷನ್' ಎಂದು ಹೆಸರು. ಬರೆದವರಿಂದ ಓದುವವರವರೆಗೆ ಎಲ್ಲಿಯೂ ಬಿಚ್ಚದ ಗೂಢಲಿಪಿ ಎಂದರ್ಥ. ಈ ಬೀಗ ವಾಟ್ಸ್‌ಆ್ಯಪಿನ ಎಲ್ಲ ಸಂಭಾಷಣೆಗಳಿಗೂ 2016ರ ಏಪ್ರಿಲಿನಲ್ಲಿ ಬಿದ್ದಿತು. ಬೀಗದ ವಿನ್ಯಾಸ ಸಿಗ್ನಲ್‌ನವರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲ್ಲ ಆ್ಯಪುಗಳ ಬೀಗವೂ ಒಂದೇ ಅಲ್ಲ. 2013ರಲ್ಲಿ ಆರಂಭವಾದ ಟೆಲಿಗ್ರಾಂ ಗುಟ್ಟಿಗೆ ಹೆಸರಾಗಿದೆ. ಆದರೆ ಅದರ ಸಾಮಾನ್ಯ ಸಂಭಾಷಣೆಗಳಿಗೂ ಗುಂಪುಗಳಿಗೂ ಈ ಬಗೆಯ ಬೀಗವಿಲ್ಲ. ಅವು ಕಂಪನಿಯ ಸರ್ವರಿನಲ್ಲಿ, ಕಂಪನಿಯ ಕೀಲಿಯ ಸುಪರ್ದಿನಲ್ಲಿ ಇರುತ್ತವೆ. ಇಬ್ಬರ ನಡುವೆ 'ಸೀಕ್ರೆಟ್ ಚಾಟ್' ಎಂದು ಬೇರೆಯಾಗಿ ಆರಿಸಿಕೊಂಡರೆ ಮಾತ್ರ ಬೀಗ ಬೀಳುತ್ತದೆ. ಗುಟ್ಟಿನ ಆ್ಯಪೆಂದು ನಂಬಿ ಅಲ್ಲಿ ಮನಸ್ಸು ಬಿಚ್ಚಿದವರಲ್ಲಿ ಎಷ್ಟೋ ಮಂದಿ ಈ ಭೇದವನ್ನು ಅರಿಯರು.

ಗುಟ್ಟಿನ ಹೆಸರಿಗೇ ಮರುಳಾದವರ ಪಾಡು ಏನಾಗಬಹುದೆಂಬುದಕ್ಕೆ 2021ರ ಜೂನ್ ಸಾಕ್ಷಿ. 'ಅನಾಮ್' ಎಂಬ ಆ್ಯಪನ್ನು ತುಂಬಿದ ವಿಶೇಷ ಫೋನುಗಳು ಪಾತಕಿಗಳ ವಲಯದಲ್ಲಿ ನೂರಕ್ಕೂ ಹೆಚ್ಚು ದೇಶಗಳಿಗೆ ಹರಡಿದ್ದವು. ಒಟ್ಟು ಸುಮಾರು 12,000 ಫೋನುಗಳು. ಆ ಆ್ಯಪನ್ನು ಹಿಂದಿನಿಂದ ನಡೆಸುತ್ತಿದ್ದುದೇ ಅಮೆರಿಕೆಯ ಎಫ್‌ಬಿಐ ಪೊಲೀಸರು. ಎಂಟುನೂರಕ್ಕೂ ಹೆಚ್ಚು ಮಂದಿ ಸೆರೆಯಾದರು. ಪಾತಕಿಗಳಿಗೆ ಆದುದಕ್ಕೆ ಯಾರೂ ಮರುಗಬೇಕಾಗಿಲ್ಲ. ಆದರೆ ಅದರಿಂದ ಪಾಠ ಕಲಿಯಬಹುದು. ಬೀಗ ಮಾರುವವನು ಯಾರು ಎಂಬುದನ್ನು ಕೇಳದೆ ಬೀಗ ಕೊಳ್ಳಬಾರದು. ಎಲ್ಲಿಂದಲೋ ಇಳಿಸಿಕೊಂಡ, ಹೆಚ್ಚಿನ ಸೌಲಭ್ಯದ ಆಸೆ ತೋರಿಸುವ ಮಾರ್ಪಡಿಸಿದ ವಾಟ್ಸ್‌ಆ್ಯಪುಗಳಿಗೂ ಈ ಮಾತು ಸಲ್ಲುತ್ತದೆ.

ಕವರಿನ ಮೇಲಣ ವಿಳಾಸ

ಕವರು ಎಷ್ಟೇ ಭದ್ರವಾಗಿರಲಿ, ಅದರ ಮೇಲೆ ವಿಳಾಸವಿರಲೇಬೇಕು. ಯಾರು ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಬರೆದರು ಎಂಬ ವಿವರ ಹೊರಗೇ ಉಳಿಯುತ್ತದೆ. ಇದನ್ನು ಅಲ್ಪವೆಂದು ತಳ್ಳಿಬಿಡುವಂತಿಲ್ಲ. ಒಬ್ಬಾಕೆ ವಾರಕ್ಕೆ ಮೂರು ಸಲ ವಿಚ್ಛೇದನದ ವಕೀಲರೊಬ್ಬರಿಗೆ ಸಂದೇಶ ಕಳುಹಿಸುತ್ತಾಳೆಂದು ತಿಳಿದರೆ, ಒಳಗೆ ಬರೆದದ್ದನ್ನು ಓದಬೇಕಾಗಿಯೇ ಇಲ್ಲ.

ವಾಟ್ಸ್‌ಆ್ಯಪನ್ನು 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಿತು. ಆ ಕಂಪನಿಗೆ ಈಗ ಮೆಟಾ ಎಂದು ಹೆಸರು. ಸಂದೇಶದ ಒಳಮಾತು ಕಂಪನಿಗೆ ಸಿಗದಿದ್ದರೂ ಹೊರವಿವರಗಳಲ್ಲಿ ಹಲವು ಅದಕ್ಕೆ ದೊರೆಯುತ್ತವೆ. 2021ರ ಆರಂಭದಲ್ಲಿ ಅದು ತನ್ನ ಖಾಸಗಿತನದ ನಿಯಮಗಳನ್ನು ಬದಲಿಸ ಹೊರಟಾಗ ಭಾರತದಲ್ಲಿಯೂ ಅಸಂಖ್ಯ ಜನ ಅಳುಕಿ ಸಿಗ್ನಲ್ ಕಡೆಗೆ, ಟೆಲಿಗ್ರಾಂ ಕಡೆಗೆ ಹೊರಳಿದರು.

ಸಿಗ್ನಲ್‌ನ ದಾರಿ ಬೇರೆ. ಅದನ್ನು ನಡೆಸುವುದು ಲಾಭಕ್ಕಾಗಿ ಅಲ್ಲದ ಒಂದು ಪ್ರತಿಷ್ಠಾನ. 2016ರಲ್ಲಿ ಅಮೆರಿಕೆಯ ನ್ಯಾಯಾಂಗ ಅದರಿಂದ ಬಳಕೆದಾರರ ವಿವರಗಳನ್ನು ಕೇಳಿದಾಗ ಅದು ಒಪ್ಪಿಸಬಲ್ಲದ್ದಾಗಿದ್ದುದು ಎರಡೇ ಸಂಗತಿ: ಖಾತೆ ಎಂದು ತೆರೆಯಿತು, ಕೊನೆಯ ಸಲ ಎಂದು ಸಂಪರ್ಕಕ್ಕೆ ಬಂದಿತು. ಕೂಡಿಟ್ಟಿದ್ದರಲ್ಲವೆ ಕೊಡುವುದು! 2024ರಿಂದ ಅಲ್ಲಿ ಫೋನ್ ನಂಬರನ್ನು ಎದುರಿನವರಿಗೆ ತೋರಿಸದೆ ಒಂದು ಬಳಕೆಯ ಹೆಸರಿನಿಂದಲೇ ಮಾತನಾಡಬಹುದು. ಹೊಸದಾಗಿ ಪರಿಚಯವಾದವರಿಗೆ ನಂಬರು ಕೊಡಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಬೀಗ ಗಟ್ಟಿ, ಬಾಗಿಲು ತೆರೆದಿದೆ

ಇಷ್ಟಾದ ಮೇಲೂ ಗುಟ್ಟು ಬಯಲಾಗುವುದೇಕೆ? ದಾರಿಯಲ್ಲಿ ಯಾರೂ ಕದಿಯದಿದ್ದರೂ, ಬೀಗ ತೆರೆದುಕೊಳ್ಳುವ ಜಾಗಗಳು ಎರಡು ಇದ್ದೇ ಇವೆ: ಬರೆದವರ ಫೋನು, ಓದುವವರ ಫೋನು. ಮಾತು ಹೊರಬೀಳುವುದು ಬಹುತೇಕ ಅಲ್ಲಿಂದಲೇ.

ಮೊದಲನೆಯದು, ಮೇಜಿನ ಮೇಲೆ ಬೆಳಗುವ ಪರದೆ. ಸಂದೇಶ ಬಂದಾಗ ಅದರ ಸಾಲುಗಳು ಬೀಗ ಹಾಕಿದ ಪರದೆಯ ಮೇಲೆ ಮೂಡದಂತೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದು ನಿಮಿಷದಲ್ಲಿ ತಡೆಯಬಹುದು. ಕಥೆಯ ಸೊಸೆ ಇದೊಂದನ್ನು ಮಾಡಿದ್ದರೆ ಸಾಕಿತ್ತು.

ಎರಡನೆಯದು, ಬ್ಯಾಕಪ್. ಫೋನು ಕಳೆದರೆ ಹಳೆಯ ಮಾತುಗಳು ಹೋಗಬಾರದೆಂದು ಅವುಗಳ ನಕಲು ಗೂಗಲಿನ ಇಲ್ಲವೆ ಆ್ಯಪಲ್ಲಿನ ಉಗ್ರಾಣಕ್ಕೆ ಹೋಗುತ್ತದೆ. ಆ ನಕಲಿಗೂ ಅದೇ ಬಗೆಯ ಬೀಗ ಹಾಕುವ ಅವಕಾಶವನ್ನು ವಾಟ್ಸ್‌ಆ್ಯಪ್ 2021ರಲ್ಲಿ ಕೊಟ್ಟಿತು. ಅದನ್ನು ಬಳಸುವವನೇ ಆರಿಸಿಕೊಳ್ಳಬೇಕು. ಆರಿಸದಿದ್ದರೆ ಮುಂಬಾಗಿಲಿಗೆ ಉಕ್ಕಿನ ಬೀಗ, ಹಿತ್ತಿಲಿಗೆ ಬರಿಯ ಅಗುಳಿ ಎಂಬಂತಾಗುತ್ತದೆ.

ಮೂರನೆಯದು, ಜೋಡಿಸಿದ ಕಂಪ್ಯೂಟರು. ಫೋನು ಐದು ನಿಮಿಷ ಬೇರೆಯವರ ಕೈಗೆ ಸಿಕ್ಕರೆ, ಅದರ ವಾಟ್ಸ್‌ಆ್ಯಪನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿಕೊಂಡು ಮುಂದಿನ ಮಾತುಗಳನ್ನೆಲ್ಲ ಅವರು ಮೌನವಾಗಿ ಓದುತ್ತಿರಬಹುದು. 'ಲಿಂಕ್ಡ್ ಡಿವೈಸಸ್' ಎಂಬ ಪಟ್ಟಿಯನ್ನು ಆಗಾಗ ತೆರೆದು ನೋಡಿ, ಪರಿಚಯವಿಲ್ಲದ್ದು ಕಂಡರೆ ಅಳಿಸಿಹಾಕತಕ್ಕದ್ದು.

ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು: ಎದುರಿನ ಮನುಷ್ಯ. ಸಂದೇಶ ತಾನಾಗಿ ಮಾಯವಾಗುವ ಏರ್ಪಾಟು ವಾಟ್ಸ್‌ಆ್ಯಪಿನಲ್ಲಿಯೂ ಇದೆ, ಸಿಗ್ನಲ್‌ನಲ್ಲಿಯೂ ಇದೆ. ಆದರೆ ಓದಿದವನು ಅದರ ಚಿತ್ರ ತೆಗೆದಿಟ್ಟುಕೊಂಡರೆ ಯಾವ ಮಾಯೆಯೂ ಕೆಲಸಕ್ಕೆ ಬಾರದು. ಆರು ಕಿವಿಗೆ ಬಿದ್ದ ಗುಟ್ಟು ಗುಟ್ಟಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. 2025ರ ಮಾರ್ಚಿಯಲ್ಲಿ ಅಮೆರಿಕೆಯ ಸರಕಾರದ ಅತ್ಯುನ್ನತ ಅಧಿಕಾರಿಗಳು ಯೆಮೆನ್ ಮೇಲಣ ಬಾಂಬು ದಾಳಿಯ ವಿಷಯವನ್ನು ಸಿಗ್ನಲ್‌ನ ಒಂದು ಗುಂಪಿನಲ್ಲಿ ಚರ್ಚಿಸಿದರು. ಆ ಗುಂಪಿಗೆ ತಪ್ಪಿ ಸೇರಿಸಲ್ಪಟ್ಟಿದ್ದವರು 'ದಿ ಅಟ್ಲಾಂಟಿಕ್' ಪತ್ರಿಕೆಯ ಸಂಪಾದಕರು! ಬೀಗ ಎಲ್ಲಿಯೂ ಮುರಿಯಲಿಲ್ಲ. ಬೇಡದವರೊಬ್ಬರು ಕೋಣೆಯೊಳಗೇ ಕುಳಿತಿದ್ದರು. ದೇಶದ ಯುದ್ಧರಹಸ್ಯಕ್ಕೇ ಹೀಗಾದ ಮೇಲೆ, 'ನಮ್ಮ ಕುಟುಂಬ' ಎಂಬ ಗುಂಪಿಗೆ ಹೋಗಬಾರದ ಸಂದೇಶ ಹೋಗುವುದರಲ್ಲಿ ಆಶ್ಚರ್ಯವೇನು?

ಗುಟ್ಟು ಯಾರಿಗೆ ಬೇಕು?

'ತಪ್ಪು ಮಾಡದವನಿಗೆ ಗುಟ್ಟೇಕೆ?' ಎಂದು ಕೇಳುವವರುಂಟು. ಕೇಳುವವರ ಮನೆಯಲ್ಲಿಯೂ ಬಚ್ಚಲಿಗೆ ಬಾಗಿಲಿರುತ್ತದೆ. ರೋಗಿಗೆ ತನ್ನ ಕಾಯಿಲೆಯ ಸುದ್ದಿ ತನ್ನ ಇಚ್ಛೆಯಂತೆ ಹೇಳಿಕೊಳ್ಳುವ ಹಕ್ಕು ಬೇಕು. ಬೇರೆ ಉದ್ಯೋಗ ಹುಡುಕುವ ನೌಕರನಿಗೆ, ಕಚೇರಿಯ ಲಂಚವನ್ನು ಪತ್ರಿಕೆಗೆ ತಿಳಿಸುವ ಗುಮಾಸ್ತನಿಗೆ, ಕಕ್ಷಿಗಾರನಿಗೆ, ಮನಸ್ಸಿನ ವ್ಯಾಕುಲವನ್ನು ವೈದ್ಯರಿಗೆ ಹೇಳಿಕೊಳ್ಳುವ ತರುಣನಿಗೆ, ಎಲ್ಲರಿಗೂ ಅದು ಬೇಕು.

ಈ ಹಕ್ಕು ಸಂವಿಧಾನದ್ದೇ ಎಂದು ಭಾರತದ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಸಾರಿದ್ದು 2017ರ ಆಗಸ್ಟ್ 24ರಂದು. ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಕೊಟ್ಟ ಆ ತೀರ್ಪಿಗೆ ಒಬ್ಬ ಕನ್ನಡಿಗರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಖಾಸಗಿತನದ ಮಾತು ಬಂದಲ್ಲೆಲ್ಲ ಅವರ ಹೆಸರು ಈ ದೇಶದ ನ್ಯಾಯಾಲಯಗಳಲ್ಲಿ ಕೇಳಿಬರುತ್ತಲೇ ಇರುತ್ತದೆ.

ಎಲ್ಲರಿಗಿಂತ ಹೆಚ್ಚಾಗಿ ಗುಟ್ಟು ಬೇಕಾಗಿರುವುದು ಸ್ವಂತ ಮನೆಯಲ್ಲಿ ಹೆದರಿ ಬದುಕುವ ಹೆಣ್ಣಿಗೆ. ಅವಳಿಗೆ ಒಂದು ಸಂದೇಶವೇ ಪ್ರಾಣರಕ್ಷೆಯಾಗಬಹುದು. ಅದೇ ಸಂದೇಶ ಪೆಟ್ಟಿಗೂ ಕಾರಣವಾಗಬಹುದು. ದಿನವೂ ಅವಳ ಫೋನನ್ನು ಶೋಧಿಸುವ ಗಂಡನಿದ್ದರೆ, ಹೊಸದೊಂದು ಆ್ಯಪಿನ ಚಿತ್ರ ಕಂಡರೂ ಸಂಶಯ ಏಳುತ್ತದೆ. ಅಂಥವಳಿಗೆ ಗೆಳತಿಯ ಇಲ್ಲವೆ ನೆರೆಮನೆಯ ಫೋನೇ ಮೇಲು. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಈ ಎರಡು ಅಂಕಿಗಳನ್ನು ಫೋನಿನಲ್ಲಲ್ಲ, ನೆನಪಿನಲ್ಲಿ ಬರೆದಿಟ್ಟುಕೊಳ್ಳಬೇಕು. ಇನ್ನೊಂದು ಸೂಕ್ಷ್ಮವುಂಟು. ಬೆದರಿಸಿ ಬರೆದ ಸಂದೇಶಗಳು ನಾಳೆ ಸಾಕ್ಷ್ಯವಾಗಬಲ್ಲವು. ಅವು ಮಾಯವಾಗಲು ಬಿಡದೆ, ಚಿತ್ರ ತೆಗೆದು ನಂಬಿಕಸ್ಥರೊಬ್ಬರ ಬಳಿ ಇರಿಸಿ, ಅವು ಬಂದ ಫೋನನ್ನೂ ಜೋಪಾನವಾಗಿ ಕಾಪಾಡತಕ್ಕದ್ದು.

ಇನ್ನೊಂದು ಮುಖ

ಬೀಗ ಒಳ್ಳೆಯವರಿಗೂ ಕೆಟ್ಟವರಿಗೂ ಸಮನಾಗಿ ದುಡಿಯುತ್ತದೆಂಬುದನ್ನು ಮರೆಯಲಾಗದು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣ ಇಂಜಿನಿಯರೊಬ್ಬನನ್ನು ಮಕ್ಕಳ ಕಳ್ಳನೆಂದು ಬಗೆದು ಜನ ಹೊಡೆದು ಕೊಂದರು. ವದಂತಿ ಹರಡಿದ್ದು ವಾಟ್ಸ್‌ಆ್ಯಪಿನಲ್ಲಿ. ಅದೇ ತಿಂಗಳು ಆ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕಲು ತೊಡಗಿತು. ಇಂಥ ಸಂದೇಶವನ್ನು ಮೊದಲು ಹುಟ್ಟಿಸಿದವನು ಯಾರೆಂದು ಗಂಭೀರ ಅಪರಾಧಗಳಲ್ಲಿ ಹೇಳಲೇಬೇಕೆಂದು ಸರಕಾರ 2021ರ ನಿಯಮಗಳಲ್ಲಿ ವಿಧಿಸಿತು. ಒಬ್ಬನನ್ನು ಹುಡುಕಲು ಎಲ್ಲರ ಕವರಿಗೂ ಗುರುತು ಹಾಕಬೇಕಾಗುತ್ತದೆಂದು ಕಂಪನಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ಬೀಗ ಮುರಿಯಲೇಬೇಕೆಂದಾದರೆ ಭಾರತವನ್ನು ಬಿಡುವುದಾಗಿಯೂ 2024ರ ಏಪ್ರಿಲಿನಲ್ಲಿ ಅದರ ವಕೀಲರು ಹೇಳಿದರು. ಸತ್ತ ತರುಣನ ತಾಯಿಯ ನ್ಯಾಯವೂ ನ್ಯಾಯವೇ. ಕಾಯಿಲೆಯ ಗುಟ್ಟನ್ನು ಕಾಯುವ ಸೊಸೆಯ ನ್ಯಾಯವೂ ನ್ಯಾಯವೇ. ಎರಡನ್ನೂ ತೂಗುವುದು ಸುಲಭವಲ್ಲ.

ಮನೆಮಂದಿಯ ಮಟ್ಟಿಗೆ ಒಂದು ಗುರುತು ಸಾಕು. ತನ್ನ ವಿಷಯವನ್ನು ಗುಟ್ಟಾಗಿಡುವುದು ಹಕ್ಕು. ಅಪರಿಚಿತನೊಬ್ಬ 'ಇದನ್ನು ಮನೆಯಲ್ಲಿ ಯಾರಿಗೂ ಹೇಳಬೇಡ' ಎಂದು ವಿಧಿಸುವುದು ಬಲೆ. ಹಣ ದ್ವಿಗುಣ ಮಾಡಿಕೊಡುವ ಗುಂಪಾಗಲಿ, ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ತೊಟ್ಟು ಹೆದರಿಸುವವನಾಗಲಿ, ಮಗುವಿನೊಡನೆ ಸಲಿಗೆ ಬೆಳೆಸುವ ಮುಖವಿಲ್ಲದ ಗೆಳೆಯನಾಗಲಿ, ಮೊದಲು ಹೇಳುವ ಮಾತು ಅದೇ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ತಿಳಿಸಬೇಕು.

ಮನೆಯೊಳಗಿನ ಮರ್ಯಾದೆ

ಕಾಗದದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಅಲಿಖಿತ ನಿಯಮವಿತ್ತು. ಕಾಲೇಜಿಗೆ ಹೋಗುವ ಮಗನ ಹೆಸರಿಗೆ ಕವರು ಬಂದರೆ ತಂದೆ ಅದನ್ನು ತಿರುಗಿಸಿ ನೋಡಿ, ಮಗನ ಪುಸ್ತಕದ ಮೇಲೆ ಇಟ್ಟುಬಿಡುತ್ತಿದ್ದರು. ಒಡೆಯುವುದು ಅವರಿಗೆ ಒಂದು ಕ್ಷಣದ ಕೆಲಸ; ಅಧಿಕಾರವೂ ಇತ್ತು. ಒಡೆಯುತ್ತಿರಲಿಲ್ಲ. ಆ ಒಂದು ಸಂಯಮದಿಂದ ಮಗ ಕಲಿತದ್ದು ಹತ್ತು ಉಪದೇಶಗಳಿಗೆ ಸಮ.

ಇಂದು ಗಂಡ ಹೆಂಡಿರು ಒಬ್ಬರ ಫೋನಿನ ಗುಪ್ತಸಂಖ್ಯೆಯನ್ನು ಇನ್ನೊಬ್ಬರು ತಿಳಿದಿರುವುದು ಸಾಮಾನ್ಯ. ತಿಳಿದಿರುವುದು ಒಳ್ಳೆಯದೂ ಹೌದು. ತಿಳಿದೂ ತೆರೆಯದಿರುವುದೇ ನಂಬಿಕೆ. ಚಿಕ್ಕ ಮಕ್ಕಳ ಫೋನಿನ ಮೇಲೆ ಕಣ್ಣಿಡುವುದು ತಂದೆತಾಯಿಯ ಕರ್ತವ್ಯ. ಆದರೆ ಮಕ್ಕಳಿಗೆ ತಿಳಿಸಿಯೇ ಅದನ್ನು ಮಾಡಬೇಕು. ಕದ್ದು ನೋಡಿದರೆ ಅವರು ಕಲಿಯುವುದು ಇನ್ನೂ ಚೆನ್ನಾಗಿ ಬಚ್ಚಿಡುವುದನ್ನು ಮಾತ್ರ.

ಮತ್ತೆ ಆ ಊಟದ ಮೇಜಿಗೆ ಬಂದರೆ, ಗೆಳತಿ 'ಬಿಡುವಾದಾಗ ಫೋನ್ ಮಾಡು' ಎಂದಷ್ಟೇ ಬರೆಯಬಹುದಾಗಿತ್ತು. ಸೊಸೆ ಪರದೆಯ ಮೇಲೆ ಸಾಲುಗಳು ಮೂಡದಂತೆ ಮಾಡಿಕೊಂಡಿರಬಹುದಾಗಿತ್ತು. ಇವೆರಡೂ ತಪ್ಪಿದ ಮೇಲೂ ಮೂರನೆಯ ದಾರಿಯೊಂದು ಉಳಿದೇ ಇತ್ತು. ಫೋನು ಬೆಳಗಿದೊಡನೆ ಅತ್ತೆ ಕೈಚಾಚಿ ಅದನ್ನು ಮಗುಚಿಟ್ಟು, 'ನಿನಗೇನೋ ಬಂದ ಹಾಗಿದೆ ನೋಡಮ್ಮ' ಎಂದು ಅಡಿಗೆಮನೆಯ ಕಡೆಗೆ ಕೂಗಿ ಹೇಳಬಹುದಾಗಿತ್ತು. ಆಗ ಸೊಸೆ ಫೋನೆತ್ತಿಕೊಂಡು ಕೋಣೆಗೆ ಹೋಗಿ, ಓದಿ, ಒಂದು ಗಳಿಗೆ ತನ್ನೊಳಗೇ ಅತ್ತು, ಆಮೇಲೆ ಗಂಡನನ್ನು ಕರೆಯುತ್ತಿದ್ದಳು. ಪ್ರಾಯಶಃ ಅವನ ಹಿಂದೆಯೇ ಅತ್ತೆಯನ್ನೂ ಕರೆಯುತ್ತಿದ್ದಳು.